‘ಲ್ಯಾಬ್ ಟೆಸ್ಟೆಡ್’ ಎಂದರೆ ಯಾವ ಪರೀಕ್ಷೆ, ಯಾರು ತೆಗೆದ ಮಾದರಿ?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಶಿರಸಿ ಪೇಟೆಯಲ್ಲಿ ಈಗ ಜೇನುತುಪ್ಪದ ಬಾಟಲಿ, ಅರಿಶಿನ ಪುಡಿಯ ಪೊಟ್ಟಣ, ಇಪ್ಪತ್ತು ಲೀಟರಿನ ನೀರಿನ ಕ್ಯಾನು, ಕಡೆಗೆ ಸಿಮೆಂಟ್ ಇಟ್ಟಿಗೆ ಮಾರುವವರ ಫಲಕ, ಎಲ್ಲೆಂದರಲ್ಲಿ ‘ಲ್ಯಾಬ್ ಟೆಸ್ಟೆಡ್’ ಎಂಬ ಬರಹ ಕಾಣುತ್ತದೆ. ಕರಾವಳಿಯ ಮೀನು ಸಂಸ್ಕರಣಾ ಘಟಕವೊಂದರ ಪ್ರಯೋಗಾಲಯದಲ್ಲಿ ಇಪ್ಪತ್ತೇಳು ವರ್ಷ ಕೆಲಸ ಮಾಡಿ ನಿವೃತ್ತಿಯಾಗಿ, ಈಗ ಘಟ್ಟದ ಮೇಲಿನ ಊರಿನಲ್ಲಿ ತೋಟ ನೋಡಿಕೊಂಡಿರುವ ನನಗೆ ಆ ಬರಹವನ್ನು ಕಂಡಾಗಲೆಲ್ಲ ಆತಂಕವಾಗುತ್ತದೆ. ಬರೆದವರು ಸುಳ್ಳು ಹೇಳುತ್ತಿದ್ದಾರೆಂದು ನಾನು ಭಾವಿಸಿಲ್ಲ. ಯಾವ ಪರೀಕ್ಷೆ ಮಾಡಿಸಿದ್ದಾರೆ, ಅದಕ್ಕೆ ಮಾದರಿಯನ್ನು ಯಾರು, ಹೇಗೆ ತೆಗೆದರು ಎಂಬುದು ತಿಳಿಯದ ಹೊರತು ಆ ಮಾತಿಗೆ ಏನೂ ಅರ್ಥವಿಲ್ಲ. ನಮ್ಮ ಜಿಲ್ಲೆಯ ಬಹುಪಾಲು ಉದ್ಯೋಗಗಳು ಒಂದಲ್ಲ ಒಂದು ಪರೀಕ್ಷೆಯನ್ನು ಅವಲಂಬಿಸಿರುವುದರಿಂದ ಇದನ್ನು ತಮ್ಮ ಪತ್ರಿಕೆಯ ಓದುಗರ ಮುಂದೆ ಸ್ವಲ್ಪ ವಿವರವಾಗಿ ಇಡಲು ಬಯಸುತ್ತೇನೆ.

ಜೇನುತುಪ್ಪದಿಂದಲೇ ಆರಂಭಿಸುತ್ತೇನೆ. ಅದರ ತೇವಾಂಶವನ್ನು ಅಳೆಯಲು ರಿಫ್ರಾಕ್ಟೊಮೀಟರಿನ ಗಾಜಿನ ಮೇಲೆ ಒಂದು ಹನಿ ಇಟ್ಟರೆ ಸಾಕು. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಅದು ಶೇ. 20ನ್ನು ಮೀರಬಾರದು. ಹಳೆಯದಾದ ಅಥವಾ ಅತಿಯಾಗಿ ಕಾಯಿಸಿದ ಜೇನುತುಪ್ಪದಲ್ಲಿ ಹೆಚ್ಚುವ ಎಚ್‌ಎಂಎಫ್ ಎಂಬ ವಸ್ತು ಕಿಲೋಗ್ರಾಂಗೆ 80 ಮಿಲಿಗ್ರಾಂನೊಳಗೆ ಇರಬೇಕು. ಮಲೆನಾಡಿನ ತುಡುವೆ ಜೇನು, ಅದರಲ್ಲಿಯೂ ಮೇಣದ ಮುಚ್ಚಳ ಪೂರ್ತಿ ಬೀಳುವ ಮುನ್ನವೇ ಹಿಂಡಿದ ತುಪ್ಪ, ಅಪ್ಪಟವಾಗಿದ್ದರೂ ತೇವಾಂಶದಲ್ಲಿ ಸೋಲಬಹುದು. ಸಕ್ಕರೆ ಪಾಕ ಬೆರೆಸಿದ ತುಪ್ಪ ಇವೆರಡರಲ್ಲಿಯೂ ಗೆಲ್ಲಬಹುದು. ಪಾಕವನ್ನು ಹಿಡಿಯುವುದಕ್ಕೆ ಬೇರೆಯೇ ಪರೀಕ್ಷೆಗಳಿವೆ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 13 ಬ್ರಾಂಡ್‌ಗಳ ಜೇನುತುಪ್ಪವನ್ನು ಪರೀಕ್ಷೆಗೆ ಕಳುಹಿಸಿದಾಗ, ಅವುಗಳಲ್ಲಿ ಹೆಚ್ಚಿನವು ಇಲ್ಲಿನ ಮೂಲ ಪರೀಕ್ಷೆಗಳಲ್ಲಿ ತೇರ್ಗಡೆಯಾದರೂ ಜರ್ಮನಿಯಲ್ಲಿ ನಡೆದ, ಅಣುಗಳ ರಚನೆಯನ್ನೇ ಗುರುತಿಸುವ ಎನ್‌ಎಂಆರ್ ಪರೀಕ್ಷೆಯಲ್ಲಿ ಉಳಿದವು 3 ಮಾತ್ರ ಎಂದು ಆ ಕೇಂದ್ರ ಪ್ರಕಟಿಸಿತು. ಕಂಪನಿಗಳು ಅದನ್ನು ಒಪ್ಪಲಿಲ್ಲ. ಒಂದೇ ಬಾಟಲಿಯ ತುಪ್ಪ ಒಂದು ಪರೀಕ್ಷೆಯಲ್ಲಿ ಶುದ್ಧವೆನಿಸಿ ಇನ್ನೊಂದರಲ್ಲಿ ಕಲಬೆರಕೆ ಎನಿಸಬಲ್ಲದು ಎಂಬುದಂತೂ ಆಗ ಎಲ್ಲರಿಗೂ ತಿಳಿಯಿತು.

ನನಗೆ ಅನ್ನ ಕೊಟ್ಟ ಮೀನಿನ ಕಥೆಯೂ ಇಂಥದ್ದೇ. ಬಂಗಡೆ, ತಾರ್ಲೆ, ಟ್ಯೂನಾದಂಥ ಮೀನುಗಳನ್ನು ಹಿಡಿದ ಕೂಡಲೇ ಐಸಿನಲ್ಲಿ ಇಡದಿದ್ದರೆ ಬ್ಯಾಕ್ಟೀರಿಯಾಗಳು ಮೀನಿನ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ, ಮತ್ತು ಒಮ್ಮೆ ಹುಟ್ಟಿದ ಹಿಸ್ಟಮಿನ್ ಆಮೇಲೆ ಎಷ್ಟು ಐಸು ಸುರಿದರೂ, ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಐರೋಪ್ಯ ಒಕ್ಕೂಟದ ನಿಯಮದಂತೆ ಇದಕ್ಕಾಗಿ ಒಂದು ಲಾಟಿನಿಂದ, ಅಂದರೆ ಒಟ್ಟಿಗೆ ಬಂದ ಒಂದು ಕಂತಿನ ಮೀನಿನಿಂದ, 9 ಮಾದರಿ ತೆಗೆಯಬೇಕು. ಅವುಗಳ ಸರಾಸರಿ ಕಿಲೋಗ್ರಾಂಗೆ 100 ಮಿಲಿಗ್ರಾಂ ದಾಟಬಾರದು, ಎರಡು ಮಾದರಿಗಳು ಮಾತ್ರ 100ರಿಂದ 200ರ ನಡುವೆ ಇರಬಹುದು, ಒಂದೂ 200ನ್ನು ಮೀರಕೂಡದು. ಒಂದು ಸಾಲದೆ ಒಂಬತ್ತು ಏಕೆ ಬೇಕು ಎಂಬುದು ಕೆಲಸಕ್ಕೆ ಸೇರಿದ ಮೊದಲ ವರ್ಷ ನನಗೆ ತಿಳಿದಿರಲಿಲ್ಲ. ಕೈಗೆ ಸಿಗುತ್ತದೆಂದು ಕ್ರೇಟುಗಳ ಮೇಲ್ಭಾಗದ ಮೀನುಗಳನ್ನೇ ಆರಿಸಿ ತಂದಿದ್ದೆ. ಮೇಲ್ವಿಚಾರಕರು ಬೈಯಲಿಲ್ಲ, ಒಂದು ಕ್ರೇಟನ್ನು ನನ್ನೆದುರಿಗೇ ಬೋರಲು ಹಾಕಿಸಿದರು. ತಳದ ಮೀನುಗಳಿಗೆ ಐಸು ತಾಗಿಯೇ ಇರಲಿಲ್ಲ. ಮಾದರಿ ಎಂಬ ಪದಕ್ಕೆ ನಾನು ಕಲಿತ ಅರ್ಥ ಅದು.

ಉಪ್ಪುನೀರು ನುಗ್ಗುವ ಗಜನಿ ಭೂಮಿಯ ಕೆರೆಗಳಲ್ಲಿ ಬೆಳೆದ ಸಿಗಡಿಗೆ ಇಷ್ಟು ಸಾಲದು. ಅದರಲ್ಲಿ ಕ್ಲೋರಾಂಫೆನಿಕಾಲ್, ನೈಟ್ರೊಫುರಾನ್‌ನಂಥ ನಿಷೇಧಿತ ಔಷಧಿಗಳ ಶೇಷವನ್ನು ಹುಡುಕಬೇಕಾಗುತ್ತದೆ. ಕಿಲೋಗ್ರಾಂಗೆ ಒಂದು ಮೈಕ್ರೊಗ್ರಾಂಗಿಂತಲೂ ಕಡಿಮೆ ಇರುವ ವಸ್ತುವನ್ನು ಗುರುತಿಸುವ ಆ ಉಪಕರಣಕ್ಕೆ ಕೋಟಿಗಳ ಲೆಕ್ಕದ ಬೆಲೆಯಿದೆ. ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ತೇರ್ಗಡೆಯಾದ ಸಿಗಡಿ ಔಷಧಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. 2018ರಲ್ಲಿ ಮೀನು ಕೆಡದಂತೆ ಫಾರ್ಮಾಲಿನ್ (ಫಾರ್ಮಾಲ್ಡಿಹೈಡ್ ದ್ರಾವಣ) ಬಳಸುತ್ತಾರೆಂಬ ಗಲಾಟೆಯೆದ್ದು ಗೋವಾ ಸರ್ಕಾರ ಹೊರರಾಜ್ಯದ ಮೀನಿಗೆ ನಿರ್ಬಂಧ ಹಾಕಿದಾಗ ಕಾರವಾರದ ಮೀನು ವ್ಯಾಪಾರಕ್ಕೂ ಪೆಟ್ಟು ಬಿತ್ತು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ರೂಪಿಸಿದ, ಫಾರ್ಮಾಲಿನ್ ಇದ್ದರೆ ಬಣ್ಣ ಬದಲಿಸುವ ಕಾಗದದ ಪಟ್ಟಿಯು ಆಗ ದಕ್ಕೆಯಲ್ಲಿಯೇ ತಪಾಸಣೆ ಮಾಡಲು ಬಹಳ ಉಪಕಾರಿಯಾಯಿತು. ಆದರೆ ಇಟ್ಟ ಮೀನಿನಲ್ಲಿ ಫಾರ್ಮಾಲ್ಡಿಹೈಡ್ ಅಲ್ಪ ಪ್ರಮಾಣದಲ್ಲಿ ತಾನಾಗಿಯೂ ಹುಟ್ಟುತ್ತದೆ. ಆದ್ದರಿಂದ ಪಟ್ಟಿಯ ಬಣ್ಣವನ್ನು ಅನುಮಾನಕ್ಕೆ ಆಧಾರವೆಂದು ಮಾತ್ರ ಎಣಿಸಿ, ಪ್ರಯೋಗಾಲಯದಲ್ಲಿ ಪ್ರಮಾಣವನ್ನು ಅಳೆಸಿದ ಮೇಲೆ ತೀರ್ಮಾನಕ್ಕೆ ಬರುವುದು ನ್ಯಾಯ.

ಘಟ್ಟದ ಮೇಲೆ ಚಾಲಿ ಅಡಿಕೆಗೆ ಬೂಷ್ಟಿನ ಭಯ. ಕೆಲವು ಬಗೆಯ ಬೂಷ್ಟು ಉಂಟುಮಾಡುವ ಅಫ್ಲಟಾಕ್ಸಿನ್ ಎಂಬ ವಿಷಕ್ಕೆ ನಮ್ಮಲ್ಲಿ ಅಡಿಕೆಯಲ್ಲಿ ಕಿಲೋಗ್ರಾಂಗೆ 15 ಮೈಕ್ರೊಗ್ರಾಂ ಮಿತಿಯಿದೆ. ಈ ವಿಷ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ. ಸಾವಿರಾರು ಅಡಿಕೆಗಳ ನಡುವೆ ಕೆಲವೇ ಕೆಲವು ಅಡಿಕೆಗಳಲ್ಲಿ ಮಡುಗಟ್ಟಿರುತ್ತದೆ. ಮೇಲಿನಿಂದ ಒಂದು ಮುಷ್ಟಿ ಒಳ್ಳೆಯ ಅಡಿಕೆ ಎತ್ತಿ ಕೊಟ್ಟರೆ ವರದಿ ಚೆನ್ನಾಗಿಯೇ ಬರುತ್ತದೆ, ಅದೇ ಲಾಟು ಮುಂದೆ ಖರೀದಿದಾರರ ಪ್ರಯೋಗಾಲಯದಲ್ಲಿ ತಿರಸ್ಕೃತವಾಗುತ್ತದೆ. ಹಲವು ಚೀಲಗಳ ಮೇಲು, ನಡು, ತಳದಿಂದ ತೆಗೆದು, ಒಟ್ಟು ಹಾಕಿ, ಪೂರ್ತಿ ಪುಡಿ ಮಾಡಿ, ಆ ಪುಡಿಯನ್ನು ನಾಲ್ಕು ಪಾಲು ಮಾಡುತ್ತಾ ಕಡಿಮೆ ಮಾಡಿಕೊಂಡು ಬರುವುದು ಸರಿಯಾದ ಕ್ರಮ. ಕಾಳುಮೆಣಸಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದನ್ನು ಒಲೆಯಂತಹ ಉಪಕರಣದಲ್ಲಿ ಒಣಗಿಸಿ ತೂಕ ಕಳೆದದ್ದನ್ನೆಲ್ಲ ನೀರೆಂದು ಲೆಕ್ಕ ಹಾಕಿದರೆ, ಹಾರಿಹೋದ ಸುವಾಸನೆಯ ಎಣ್ಣೆಯೂ ತೇವಾಂಶದ ಲೆಕ್ಕಕ್ಕೆ ಸೇರಿ ಬೆಳೆಗಾರನಿಗೆ ನಷ್ಟವಾಗುತ್ತದೆ. ಆದ್ದರಿಂದಲೇ ಮಸಾಲೆ ಪದಾರ್ಥಗಳ ತೇವಾಂಶವನ್ನು ಟಾಲ್ವೀನ್ ಎಂಬ ದ್ರಾವಕದೊಂದಿಗೆ ಬಟ್ಟಿಯಿಳಿಸಿ, ಬೇರ್ಪಟ್ಟ ನೀರನ್ನಷ್ಟೇ ಅಳೆಯುತ್ತಾರೆ. ಮೆಣಸು ಮಾರುವವರು ವರದಿಯಲ್ಲಿ ಈ ವಿಧಾನದ ಹೆಸರಿದೆಯೇ ಎಂದು ನೋಡಿಕೊಳ್ಳಬೇಕೆಂದು ನನ್ನ ಆಗ್ರಹ.

ಈ ಪತ್ರ ಬರೆಯಲು ನಿಜವಾದ ಕಾರಣ ಒಂದು ಬಾವಿ. ನಮ್ಮ ನೆರೆಮನೆಯವರು ಬೇಸಿಗೆಯಲ್ಲಿ ತಮ್ಮ ಬಾವಿಯ ನೀರನ್ನು ತಂಪುಪಾನೀಯದ ಹಳೆಯ ಬಾಟಲಿಯಲ್ಲಿ ತುಂಬಿ, ಪಟ್ಟಣಕ್ಕೆ ಹೊರಟಿದ್ದ ಸಂಬಂಧಿಕರ ಕೈಯಲ್ಲಿ ಕಳುಹಿಸಿದರು. ಅದು ಪ್ರಯೋಗಾಲಯ ತಲುಪಿದ್ದು ಮೂರನೆಯ ದಿನ. ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇದೆ, ಕುಡಿಯಲು ಯೋಗ್ಯವಲ್ಲ ಎಂದು ವರದಿ ಬಂದಿತು. ಎರಡು ತಿಂಗಳು ಆ ಮನೆಯವರು ಹೊರಗಿನಿಂದ ನೀರು ತರಿಸಿಕೊಂಡರು. ನಾಲ್ಕು ತಲೆಮಾರು ಕುಡಿದ ಬಾವಿ ಕೆಟ್ಟಿತಲ್ಲ ಎಂದು ಆ ಮನೆಯ ಅಜ್ಜಿ ಕಣ್ಣೀರು ಹಾಕಿದ್ದನ್ನು ನಾನು ಕಂಡಿದ್ದೇನೆ. ಕೊನೆಗೆ ನಾನೇ ಕ್ರಿಮಿರಹಿತ ಬಾಟಲಿಯಲ್ಲಿ, ಮುಚ್ಚಳದ ಒಳಭಾಗಕ್ಕೆ ಬೆರಳು ತಾಗದಂತೆ ನೀರು ತುಂಬಿ, ಮೇಲೆ ಸ್ವಲ್ಪ ಜಾಗ ಬಿಟ್ಟು, ಐಸಿನ ಡಬ್ಬಿಯಲ್ಲಿಟ್ಟು ಅದೇ ದಿನ ಮುಟ್ಟಿಸಿದೆ. ನೀರು ಶುದ್ಧವಾಗಿಯೇ ಇತ್ತು. ಮೊದಲ ಪ್ರಯೋಗಾಲಯದ್ದು ತಪ್ಪಿಲ್ಲ; ಅವರು ಪರೀಕ್ಷಿಸಿದ್ದು ಬಾಟಲಿಯನ್ನು, ಬಾವಿಯನ್ನು ಪರೀಕ್ಷಿಸುವ ಅವಕಾಶವೇ ಅವರಿಗಿರಲಿಲ್ಲ.

ಇದರ ವಿರುದ್ಧವೂ ನಡೆಯಬಹುದಿತ್ತು, ಮತ್ತು ಅದು ಹೆಚ್ಚು ಅಪಾಯಕಾರಿ. ಬ್ಲೀಚಿಂಗ್ ಪುಡಿ ಹಾಕಿದ ನೀರನ್ನು ಹಾಗೆಯೇ ಕಳುಹಿಸಿದರೆ ದಾರಿಯುದ್ದಕ್ಕೂ ಕ್ಲೋರಿನ್ ಕೆಲಸ ಮಾಡಿ, ಮನೆಯವರು ಕುಡಿಯುವ ಹೊತ್ತಿಗೆ ಇದ್ದ ಕ್ರಿಮಿಗಳು ಪರೀಕ್ಷೆಯ ಹೊತ್ತಿಗೆ ಸತ್ತಿರುತ್ತವೆ. ಅದನ್ನು ತಡೆಯಲೆಂದೇ ಅಂಥ ಬಾಟಲಿಗೆ ಮೊದಲೇ ಸೋಡಿಯಂ ಥಯೊಸಲ್ಫೇಟ್ ಹಾಕಿರುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಂತೆ 100 ಮಿಲಿಲೀಟರ್ ನೀರಿನಲ್ಲಿ ಮಲದಿಂದ ಬರುವ ಇ. ಕೋಲೈ ಬ್ಯಾಕ್ಟೀರಿಯಾ ಒಂದೂ ಇರಕೂಡದು. ಕರಾವಳಿಯ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ನುಗ್ಗುವುದರಿಂದ ಕ್ಲೋರೈಡ್ ಪರೀಕ್ಷೆಯೂ ಅಗತ್ಯ. ಅದಕ್ಕೆ ಲೀಟರಿಗೆ 250 ಮಿಲಿಗ್ರಾಂ ಒಪ್ಪಿತ ಮಿತಿ, ಬೇರೆ ನೀರಿನ ಮೂಲವೇ ಇಲ್ಲದಲ್ಲಿ 1000ದವರೆಗೆ ಅನುಮತಿ ಇದೆ. ಈ ಪರೀಕ್ಷೆಗೆ ಐಸೂ ಬೇಡ, ಆತುರವೂ ಬೇಡ, ಶುಭ್ರವಾದ ಬಾಟಲಿ ಸಾಕು. ಮಾದರಿಯ ಕ್ರಮ ಪರೀಕ್ಷೆಗೆ ತಕ್ಕಂತೆ ಬದಲಾಗುತ್ತದೆ ಎಂಬ ಈ ಸರಳ ವಿಷಯವನ್ನು ನಮ್ಮ ಜನರಿಗೆ ಯಾರೂ ಹೇಳಿಕೊಟ್ಟಿಲ್ಲ.

ಕಟ್ಟಡದ ಕೆಲಸದಲ್ಲಿಯೂ ಹೀಗೆಯೇ. ಕಾಂಕ್ರೀಟಿನ 150 ಮಿಲಿಮೀಟರ್ ಕ್ಯೂಬುಗಳನ್ನು 28 ದಿನ ನೀರಿನಲ್ಲಿಟ್ಟು ಯಂತ್ರದಲ್ಲಿ ಒತ್ತಿ ಮುರಿಯುತ್ತಾರೆ. ಆದರೆ ಕ್ಯೂಬು ತೊಟ್ಟಿಯಲ್ಲಿ ಮುಳುಗಿರುವಾಗ ಮೇಲಿನ ಸ್ಲ್ಯಾಬು ನೀರು ಕಾಣದೆ ಬಿಸಿಲಿಗೆ ಒಣಗುತ್ತಿದ್ದರೆ, ಕ್ಯೂಬಿನ ಬಲ ಸ್ಲ್ಯಾಬಿನ ಬಲವಾಗುವುದಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದ ಮೇಲಾದರೂ, ನಿಂತಿರುವ ಕಟ್ಟಡವನ್ನೇ ಪರೀಕ್ಷಿಸುವ ವಿಧಾನಗಳು ನಮ್ಮ ಮಾತಿನಲ್ಲಿ ಬರಬೇಕಿತ್ತು. ಸುತ್ತಿಗೆಯಂಥ ಉಪಕರಣದಿಂದ ಮೇಲ್ಮೈಯ ಗಡಸುತನ ನೋಡುವುದು, ಶ್ರವಣಾತೀತ ಧ್ವನಿ ಹಾಯಿಸಿ ಒಳಗಿನ ಟೊಳ್ಳು ಪತ್ತೆ ಮಾಡುವುದು, ಕಬ್ಬಿಣದ ಸರಳಿನ ವಿದ್ಯುತ್ ವಿಭವವನ್ನು ಅಳೆದು ತುಕ್ಕಿನ ಸಾಧ್ಯತೆ ತಿಳಿಯುವುದು, ಕಾಂಕ್ರೀಟನ್ನು ಕೊರೆದು ಪುಡಿ ತೆಗೆದು ಅದರಲ್ಲಿನ ಕ್ಲೋರೈಡ್ ಅಳೆಯುವುದು, ಇವೆಲ್ಲ ಉಪ್ಪುಗಾಳಿಯ ನಾಡಿಗೆ ಅತ್ಯಗತ್ಯ. ನದಿಮುಖದ ಉಪ್ಪುಮರಳಿನಲ್ಲಿ ಮನೆ ಕಟ್ಟುವವರು ಈ ಕ್ಲೋರೈಡ್ ಪರೀಕ್ಷೆಯನ್ನು ಮರಳಿಗೇ ಮೊದಲು ಮಾಡಿಸುವುದು ಒಳಿತು.

ಹಾಲಿನ ಸಂಘದಲ್ಲಿ ದಿನವೂ ನಡೆಯುವ ಕೊಬ್ಬಿನ ಪರೀಕ್ಷೆ, ದಾಂಡೇಲಿಯ ಕಾಗದದ ಉದ್ಯಮದಲ್ಲಿ ಕಾಗದದ ಹರಿಯುವ ಬಲ ಮತ್ತು ಹೊರಬಿಡುವ ನೀರಿನ ಬಿಒಡಿ (ಕೊಳೆಯನ್ನು ಕರಗಿಸಲು ಬೇಕಾಗುವ ಆಮ್ಲಜನಕದ) ಪರೀಕ್ಷೆ, ಕೈಗಾ ಅಣುಸ್ಥಾವರದ ಸುತ್ತಲಿನ ಹಾಲು, ಮೀನು, ನೀರಿನಲ್ಲಿ ಪರಿಸರ ಸಮೀಕ್ಷಾ ಪ್ರಯೋಗಾಲಯ ನಡೆಸುವ ವಿಕಿರಣ ಮಾಪನ, ಎಲ್ಲವೂ ಇದೇ ಸಾಲಿಗೆ ಸೇರಿದವು. ಅವುಗಳ ವಿವರಕ್ಕೆ ಇಲ್ಲಿ ಸ್ಥಳವಿಲ್ಲ.

ಬಹುಪಾಲು ವರದಿಗಳ ತಳದಲ್ಲಿ, ಅತಿ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ, ಈ ಫಲಿತಾಂಶ ಪರೀಕ್ಷೆಗೆ ಬಂದ ಮಾದರಿಗೆ ಮಾತ್ರ ಅನ್ವಯಿಸುತ್ತದೆ ಎಂದು ಬರೆದಿರುತ್ತದೆ. ವರದಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಅದೇ, ಓದುವವರಿಲ್ಲದ ಸಾಲೂ ಅದೇ. ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್ ಮುದ್ರೆಯನ್ನು ನೋಡಿ ಸಮಾಧಾನಪಡುವವರೂ ಒಂದನ್ನು ಗಮನಿಸಬೇಕು: ಐಎಸ್ಒ 17025 ಮಾನಕದಡಿ ಆ ಮಾನ್ಯತೆ ದೊರೆಯುವುದು ನಿರ್ದಿಷ್ಟ ಪರೀಕ್ಷೆಗಳ ಪಟ್ಟಿಗೆ. ನೀರಿನ ಪರೀಕ್ಷೆಗೆ ಮಾನ್ಯತೆಯುಳ್ಳ ಪ್ರಯೋಗಾಲಯಕ್ಕೆ ಅಡಿಕೆಯ ವಿಷ ಅಳೆಯುವ ಮಾನ್ಯತೆ ಇರಬೇಕೆಂದಿಲ್ಲ. ಆ ಪಟ್ಟಿ ಎನ್‌ಎಬಿಎಲ್ ಜಾಲತಾಣದಲ್ಲಿ ಎಲ್ಲರಿಗೂ ಲಭ್ಯವಿದೆ.

ತಮ್ಮ ಪತ್ರಿಕೆಯ ಮೂಲಕ ಜಿಲ್ಲಾಡಳಿತದಲ್ಲಿ ನನ್ನ ವಿನಂತಿ ಇಷ್ಟು. ಜಿಲ್ಲೆಯ ಸರ್ಕಾರಿ ಪ್ರಯೋಗಾಲಯಗಳು ವರದಿಯನ್ನು ಕನ್ನಡದಲ್ಲಿಯೂ ಕೊಡಲಿ. ಅದರಲ್ಲಿ ಫಲಿತಾಂಶದ ಪಕ್ಕದಲ್ಲಿ ಮಿತಿ, ಪರೀಕ್ಷೆಯ ವಿಧಾನ, ಮಾದರಿ ತೆಗೆದವರು ಯಾರು, ತೆಗೆದ ಹೊತ್ತು ಮತ್ತು ತಲುಪಿದ ಹೊತ್ತು ಇರಲಿ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಸ್ಥಳದಲ್ಲಿಯೇ ನೀರು ಪರೀಕ್ಷಿಸುವ ಕಿಟ್‌ನ ತರಬೇತಿ ಕೊಡುವ ಕ್ರಮವಿದೆ. ಅದೇ ಮಹಿಳೆಯರಿಗೆ ಪ್ರಯೋಗಾಲಯಕ್ಕೆ ಮಾದರಿ ತೆಗೆಯುವುದನ್ನೂ ಒಂದು ದಿನ ಕಲಿಸಿ, ಕ್ರಿಮಿರಹಿತ ಬಾಟಲಿಗಳನ್ನು ಗ್ರಾಮ ಪಂಚಾಯಿತಿಯಲ್ಲಿ ಸಿಗುವಂತೆ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಬಾಟಲಿಯನ್ನು ಹೊತ್ತಿಗೆ ಸರಿಯಾಗಿ ಪಟ್ಟಣಕ್ಕೆ ಮುಟ್ಟಿಸುವುದೊಂದೇ ಉಳಿಯುವ ತೊಡಕು. ನಮ್ಮ ಹಳ್ಳಿಗಳಿಂದ ಪ್ರತಿದಿನ ಬೆಳಗ್ಗೆ ತಪ್ಪದೆ ಹೊರಡುವ ಹಾಲಿನ ವಾಹನದಲ್ಲಿ ಬೀಗ ಹಾಕಿದ ಒಂದು ಐಸಿನ ಡಬ್ಬಿಗೆ ಸ್ಥಳ ಸಿಗುವುದೇ ಎಂದು ಹಾಲಿನ ಸಂಘಗಳು ಮತ್ತು ಪಂಚಾಯಿತಿಗಳು ಕೂಡಿ ವಿಚಾರಿಸಬೇಕು. ಒಂದು ಹೋಬಳಿಯಲ್ಲಿ ಇದನ್ನು ಆರಂಭಿಸುವುದಾದರೆ ಬಾಟಲಿ ಹಿಡಿಯುವ ಕ್ರಮವನ್ನು ಹೇಳಿಕೊಡಲು ನಾನು ಯಾವ ಊರಿಗಾದರೂ ಬರಲು ಸಿದ್ಧ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರಯೋಗಾಲಯ ಸಿಬ್ಬಂದಿ,
ಶಿರಸಿ ತಾಲ್ಲೂಕು, ಉತ್ತರ ಕನ್ನಡ