ಫೋನ್ ಟೈಮ್ ತಾನೇ ಬದಲಾಗುತ್ತೆ, ಕ್ಯಾಮೆರಾದ್ದು ಬದಲಾಗಲ್ಲ

ಸಂಪಾದಕರಿಗೆ ನಮಸ್ಕಾರ,

ಅಮೆರಿಕದಲ್ಲಿ, ಯುರೋಪ್‌ನಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹಾಕಿದ್ರು, ಹಿಂದೆ ಹಾಕಿದ್ರು ಅಂತ ವರ್ಷಕ್ಕೆರಡು ಸಲ ಸುದ್ದಿ ಬರುತ್ತಲ್ಲ, ಅದರ ಕೆಳಗೆ ಕ್ಯಾಮೆರಾ ಟೈಮೂ ಸರಿ ಮಾಡ್ಕೊಳ್ಳಿ ಅಂತ ಒಂದು ಸಾಲು ಹಾಕಿ ಅಂತ ಕೇಳೋಕೇ ಈ ಪತ್ರ ಬರೀತಿರೋದು.

ಒಂದು ಟ್ರಿಪ್‌ನಲ್ಲಿ ನಮ್ಮಣ್ಣ ಅವನ ಕ್ಯಾಮೆರಾ ಟೈಮ್ ಬದಲಾಯಿಸಿದ್ದ, ನಾನು ಮಾಡಿರ್ಲಿಲ್ಲ. ವಾಪಸ್ ಬಂದು ಇಬ್ಬರದ್ದೂ ಒಂದೇ ಫೋಲ್ಡರ್‌ಗೆ ಹಾಕಿ ಟೈಮ್ ಪ್ರಕಾರ ಜೋಡಿಸಿದ್ರೆ ಅವನ ಫೋಟೋದಲ್ಲಿ ಬೆಟ್ಟದ ತುದೀಲಿದೀವಿ, ಅದರ ಪಕ್ಕದ್ದು ನನ್ನದು, ಅದ್ರಲ್ಲಿ ಇನ್ನೂ ಬುಡದಲ್ಲೇ ಇದೀವಿ. ಸಾವಿರಾರು ಫೋಟೋ, ತುಂಬಾ ಬೇಜಾರಾಯ್ತು.

ಫೋನ್ ನೆಟ್‌ವರ್ಕ್‌ನಿಂದ ಟೈಮ್ ತಗೊಳ್ಳುತ್ತೆ, ಬಹಳಷ್ಟು ಕ್ಯಾಮೆರಾಗಳು ನಾವು ಹೇಳಿದ್ದನ್ನೇ ಹಿಡ್ಕೊಂಡಿರ್ತವೆ. ಮೆನುವಿನಲ್ಲಿ ಟೈಮ್ ಝೋನ್ ಬೇರೆ, ಡೇಲೈಟ್ ಸೇವಿಂಗ್ (ಬೇಸಿಗೇಲಿ ಗಡಿಯಾರ ಒಂದು ಗಂಟೆ ಮುಂದೆ ಹಾಕೋದು) ಆನ್ ಆಫ್ ಬೇರೆ ಇರುತ್ತೆ, ಎಷ್ಟೋ ಜನ ಎರಡನ್ನೂ ಬಿಟ್ಟು ಗಂಟೆ ಮಾತ್ರ ತಿದ್ದುತ್ತಾರೆ, ಆಮೇಲೆ ಊರು ಬದಲಾದಾಗ ಲೆಕ್ಕ ಪೂರ್ತಿ ಕೆಡುತ್ತೆ. ಫೋಟೋ ಫೈಲ್ ಒಳಗೆ ಎಕ್ಸಿಫ್ ಅಂತ ಮಾಹಿತಿ ಕೂತಿರುತ್ತೆ, ಅದ್ರಲ್ಲಿ ಟೈಮ್ ಝೋನ್ ಬರೆಯೋಕೆ ಜಾಗ ಕೊಟ್ಟಿದ್ದೇ 2016ರಲ್ಲಿ, ಹಾಗಾಗಿ ಹಳೇ ಕ್ಯಾಮೆರಾ ಫೋಟೋದಲ್ಲಿ ಬೆಳಿಗ್ಗೆ 10 ಅಂತಿದ್ರೆ ಅದು ಯಾವ ದೇಶದ 10 ಅಂತ ಫೈಲ್‌ಗೇ ಗೊತ್ತಿರಲ್ಲ.

ಗಡಿಯಾರ ಬದಲಾಯಿಸೋ ತಾರೀಖೂ ಎಲ್ಲಾ ಕಡೆ ಒಂದೇ ಅಲ್ಲ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಶುರುವಾಗಿ ನವೆಂಬರ್ ಮೊದಲ ಭಾನುವಾರ ಮುಗಿಯುತ್ತೆ, ಯುರೋಪ್‌ನಲ್ಲಿ ಮಾರ್ಚ್ ಕೊನೇ ಭಾನುವಾರದಿಂದ ಅಕ್ಟೋಬರ್ ಕೊನೇ ಭಾನುವಾರದ ತನಕ. ಅದಕ್ಕೇ ಮಾರ್ಚ್‌ನಲ್ಲಿ ಕೆಲವು ವಾರ ಲಂಡನ್‌ಗೂ ನ್ಯೂಯಾರ್ಕ್‌ಗೂ 5 ಗಂಟೆ ಬದಲು 4 ಗಂಟೆ ವ್ಯತ್ಯಾಸ. ಆಸ್ಟ್ರೇಲಿಯಾದಲ್ಲಿ ಸಿಡ್ನಿ ಗಡಿಯಾರ ಬದಲಾಗುತ್ತೆ, ಬ್ರಿಸ್ಬೇನ್‌ದು ಆಗಲ್ಲ.

ಫೋನ್‌ನ ಜಿಪಿಎಸ್ ದಾರಿಗೆ (ಯಾವ ಟೈಮಲ್ಲಿ ಎಲ್ಲಿದ್ವಿ ಅಂತ ಫೋನ್ ಬರೆದಿಟ್ಟ ದಾಖಲೆ) ಫೋಟೋ ಹೊಂದಿಸಿ ಜಾಗ ಹಾಕೋರಿಗಂತೂ ಇದು ಇನ್ನೂ ಮುಖ್ಯ, ಆ ದಾರಿ ಸಾಮಾನ್ಯವಾಗಿ ಯುಟಿಸಿ ಟೈಮಲ್ಲಿ, ಅಂದ್ರೆ ಜಗತ್ತಿಗೆಲ್ಲಾ ಒಂದೇ ಆದ ಟೈಮಲ್ಲಿ ಇರುತ್ತೆ, ರೈಲಲ್ಲಿ ಹೋಗ್ತಾ ತೆಗೆದಿದ್ರೆ ಒಂದು ಗಂಟೆ ತಪ್ಪಿಗೆ ಫೋಟೋ ಬೇರೆ ಊರಲ್ಲೇ ಹೋಗಿ ಕೂರುತ್ತೆ.

ನಾನೀಗ ಮಾಡೋದು ಏನಂದ್ರೆ, ಫೋನ್‌ನಲ್ಲಿ ಸೆಕೆಂಡ್ ತೋರಿಸೋ ಗಡಿಯಾರ ತೆರೆದು ಎಲ್ಲಾ ಕ್ಯಾಮೆರಾದಲ್ಲೂ ಅದರದ್ದೊಂದು ಫೋಟೋ ತೆಗೀತೀನಿ. ಮರೆತು ಹೋಗಿದ್ರೆ ವಾಪಸ್ ಬಂದ ಮೇಲೆ ತೆಗೆದ್ರೂ ನಡಿಯುತ್ತೆ, ಆದ್ರೆ ಅಷ್ಟರೊಳಗೆ ಕ್ಯಾಮೆರಾ ಟೈಮ್ ಮುಟ್ಟಿರ್ಬಾರ್ದು. ಆ ಫೋಟೋದಲ್ಲಿ ಕಾಣೋ ಟೈಮ್‌ಗೂ ಫೈಲ್ ಹೇಳೋ ಟೈಮ್‌ಗೂ ಇರೋ ವ್ಯತ್ಯಾಸವನ್ನ ಕಂಪ್ಯೂಟರ್‌ನಲ್ಲಿ ಎಕ್ಸಿಫ್‌ಟೂಲ್ ಥರದ ಪ್ರೋಗ್ರಾಮ್‌ಗೆ ಕೊಟ್ರೆ ಅಷ್ಟೂ ಫೋಟೋದ ಟೈಮ್ ಒಟ್ಟಿಗೆ ಸರಿಹೋಗುತ್ತೆ. ನಂದು ಒಂದು ಗಂಟೆ ಜೊತೆ 7 ನಿಮಿಷ ಮುಂದಿತ್ತು, ಬರೀ ಗಂಟೆ ಸರಿ ಮಾಡಿದ್ರೆ ಅದು ಗೊತ್ತೇ ಆಗ್ತಿರ್ಲಿಲ್ಲ.

ನಾಲ್ಕೈದು ದೇಶ ಸುತ್ತೋದಿದ್ರೆ ನಡುವೆ ಟೈಮ್ ಮುಟ್ಟದೆ ಶುರುವಿಂದ ಕೊನೇ ತನಕ ಒಂದೇ ಇಟ್ಕೊಳ್ಳೋದು ಒಳ್ಳೇದು ಅಂತ ನನ್ನ ಅಭಿಪ್ರಾಯ, ಅರ್ಧದಲ್ಲಿ ಬದಲಾಯಿಸಿದ್ರೆ ಯಾವ ಫೋಟೋದಿಂದ ಬದಲಾಯ್ತು ಅಂತ ಹುಡುಕೋದೇ ದೊಡ್ಡ ಕೆಲಸ.

ಇಂತಿ,
ನಿಮ್ಮ ಓದುಗ