ಇವರೆಲ್ಲ ನಿಮಗೇನಾಗಬೇಕು?

ದಾವಣಗೆರೆ

ಪ್ರಿಯ ಗೆಳೆಯಾ,

ಕರ್ತನ ನಾಮದಲ್ಲಿ ವಂದನೆಗಳು. ದುರ್ಗದಲ್ಲಿ ಸುವಾರ್ತಾ ಕೂಟ ಇಡಬೇಕು ಅಂತಿದ್ದೀವಿ, ಪೆಂಡಾಲು, ಮೈಕು, ಕರಪತ್ರ ಎಲ್ಲ ಸೇರಿ ಎಷ್ಟಾಗಬಹುದು ಅಂತ ಕೇಳಿದ್ದೀಯ. ಅದರ ಕೊನೆಗೆ, ನಿಮ್ಮ ಚರ್ಚ್ ಸಭೆಯ ಎರಡು ಮನೆಯವರು ಮಾತು ಬಿಟ್ಟು ವರ್ಷವಾಯಿತು, ಇವರು ಬಂದರೆ ಅವರು ಬರಲ್ಲ ಅಂತಲೂ ಒಂದು ಸಾಲು ಬರೆದಿದ್ದೀಯ. ಖರ್ಚಿನ ಮಾತು ಆಮೇಲೆ. ನನ್ನ ತಲೆಯಲ್ಲಿ ಕೂತಿದ್ದು ಆ ಕೊನೆಯ ಸಾಲು.

ಯೋಹಾನನ ಸುವಾರ್ತೆ 13ನೇ ಅಧ್ಯಾಯ ಇನ್ನೊಮ್ಮೆ ತೆಗೆದು ನೋಡು. ಶಿಷ್ಯರ ಕಾಲು ತೊಳೆದಾಗಿದೆ, ಗುರುವನ್ನೇ ಹಿಡಿದುಕೊಡಲಿದ್ದ ಯೂದ ಎದ್ದು ಕತ್ತಲಿಗೆ ಹೋಗಿದ್ದಾನೆ. ಆಗ ಕರ್ತನಾದ ಯೇಸು ಹೇಳಿದ್ದು: ನೀವು ಒಬ್ಬರನ್ನೊಬ್ಬರು ಪ್ರೀತಿಸಿದರೆ ನನ್ನ ಶಿಷ್ಯರು ಅಂತ ಎಲ್ಲರಿಗೂ ತಿಳಿಯುತ್ತೆ. ನೆರೆಯವರನ್ನು ಪ್ರೀತಿಸಿ ಅಂತ ಬೇರೆ ಕಡೆ ಹೇಳಿದ್ದಾನೆ, ವೈರಿಯನ್ನೂ ಬಿಟ್ಟಿಲ್ಲ. ಆದರೆ ಗುರುತು ಅಂತ ಕೊಟ್ಟಿದ್ದು ಒಳಗಿನವರ ನಡುವಿನ ಪ್ರೀತಿಯನ್ನ. ಆ ಒಳಗಿನವರಾದರೂ ಎಂಥವರು? ಒಬ್ಬ ರೋಮಿನವರ ಕೈಕೆಳಗಿನ ಆಳ್ವಿಕೆಗೆ ಸುಂಕ ಎತ್ತಿದವನು, ಇನ್ನೊಬ್ಬ ಮತಾಭಿಮಾನಿ ಅಂತ ಹೆಸರಾದವನು. ಜೊತೆಗೆ, ನಿನ್ನ ರಾಜ್ಯದಲ್ಲಿ ಎಡಬಲದ ಜಾಗ ನಮಗಿರಲಿ ಅಂತ ಮೊದಲೇ ಅರ್ಜಿ ಹಾಕಿದ್ದ ಅಣ್ಣತಮ್ಮಂದಿರು. ನಿಮ್ಮ ಸಭೆಗಿಂತ ಸುಲಭದ ಗುಂಪೇನೂ ಅಲ್ಲ.

ನನಗೆ ಬಹಳ ಇಷ್ಟದ್ದು ಈಜಿಪ್ಟಿನ ಪಕೋಮಿಯಸನ ಕಥೆ. ನಾಲ್ಕನೇ ಶತಮಾನದ ಆರಂಭ. ಇಪ್ಪತ್ತರ ಆಸುಪಾಸಿನ ಹುಡುಗ, ಕ್ರೈಸ್ತನಲ್ಲ. ರೋಮನ್ ಸೈನ್ಯಕ್ಕೆ ಬಲವಂತವಾಗಿ ಹಿಡಿದು ನೈಲ್ ನದಿ ಮೇಲೆ ದೋಣಿಯಲ್ಲಿ ಸಾಗಿಸಿದರು. ಓಡಿಹೋಗದಿರಲಿ ಅಂತ ರಾತ್ರಿ ಥೀಬ್ಸ್‌ನಲ್ಲಿ ಕೂಡಿಹಾಕಿದರು. ಆ ಊರಿನ ಯಾರೋ ಬಂದು ಊಟ ಕೊಟ್ಟರು. ಇವರ್ಯಾರು ಅಂತ ಈತ ಕೇಳಿದ. ಕ್ರೈಸ್ತರು, ಗುರುತಿಲ್ಲದವರಿಗೂ ಹೀಗೇ ಮಾಡ್ತಾರೆ ಅಂದರು. ಯಾರೂ ಅವನಿಗೆ ಪ್ರಸಂಗ ಮಾಡಲಿಲ್ಲ. ಬಿಡುಗಡೆಯಾದ ಮೇಲೆ ತಾನೇ ಹೋಗಿ ದೀಕ್ಷಾಸ್ನಾನ ತಗೊಂಡು ಕ್ರೈಸ್ತನಾದ. ಮುಂದೆ ಸನ್ಯಾಸಿಗಳು ಒಂಟಿಯಾಗಿರದೆ ಒಟ್ಟಿಗೆ ಉಂಡು, ದುಡಿದು, ಪ್ರಾರ್ಥಿಸುವ ಮಠಗಳನ್ನು ಕಟ್ಟಿದವನು ಅವನೇ. ಅವತ್ತು ಊಟ ಹೋಗಿದ್ದು ಹೊರಗಿನವರಿಗೆ, ನಿಜ. ಆದರೆ ಒಟ್ಟಾಗಿ ಸಂಜೆ ಹೊತ್ತಿಗೆ ಸೆರೆಯ ಬಾಗಿಲಿಗೆ ಊಟ ತರೋದು ಒಬ್ಬರಿಗೊಬ್ಬರು ಮುಖ ತಿರುಗಿಸಿಕೊಂಡ ಸಭೆಯಿಂದ ಆಗೋ ಕೆಲಸವಾ?

ನಮ್ಮ ಬೀದಿಯಲ್ಲಿ ಕಂಡಿದ್ದನ್ನೂ ಹೇಳ್ತೀನಿ. ಕಾಟನ್ ಮಿಲ್ಲಿನಲ್ಲಿ ದುಡಿದಿದ್ದ ಅಜ್ಜ ಒಬ್ಬರು ಲಕ್ವ ಹೊಡೆದು ಹಾಸಿಗೆ ಹಿಡಿದರು. ಮಕ್ಕಳಿರೋದು ಬೆಂಗಳೂರಲ್ಲಿ, ಇಲ್ಲಿ ಅಜ್ಜಿ ಒಬ್ಬರೇ. ಸಭೆಯ ಹೆಂಗಸರು ಪಾಳಿ ಮಾಡಿಕೊಂಡು ಬೆಳಿಗ್ಗೆ ಗಂಜಿ, ಮಧ್ಯಾಹ್ನ ಮೆತ್ತಗಿನ ಅನ್ನ ತರೋರು. ಶನಿವಾರ ಗಡ್ಡ ತೆಗೆಯೋಕೆ ಬರ್ತಿದ್ದವರು ಯಾರು ಗೊತ್ತಾ? ಹಿಂದೆ ಕಾಂಪೌಂಡ್ ಗೋಡೆ ಜಗಳದಲ್ಲಿ ಇದೇ ಅಜ್ಜನ ಮೇಲೆ ಠಾಣೆ ಮೆಟ್ಟಿಲು ಹತ್ತಿದ್ದವರು! ಬಿಸಿನೀರಿಗೆ ಟವೆಲ್ ಅದ್ದಿ ಮುಖಕ್ಕೆ ಒತ್ತಿ, ಸೊಟ್ಟಗಾಗಿದ್ದ ಬಾಯಿ ಹತ್ತಿರ ಬಂದಾಗ ಎಡಗೈಯಿಂದ ಚರ್ಮ ಬಿಗಿಹಿಡಿದು ಸಣ್ಣಗೆ ರೇಜರ್ ಎಳೆಯೋರು. ಮಾತು ಅಷ್ಟಕ್ಕಷ್ಟೆ. ಗೋಡೆ ವಿಷಯ ಇವತ್ತಿಗೂ ಇತ್ಯರ್ಥವಾಗಿಲ್ಲ, ಅದು ಬೇರೆ ಮಾತು.

ಪಕ್ಕದ ಬಾಡಿಗೆ ಮನೆಯಾಕೆ ಮಂಡಕ್ಕಿ ಭಟ್ಟಿಗೆ ಹೋಗೋರು, ಇದನ್ನೆಲ್ಲ ದಿನಾ ನೋಡ್ತಿದ್ದರು. ಒಂದಿನ ಅಜ್ಜಿನ ಕೇಳಿದರಂತೆ: "ಇವರೆಲ್ಲ ನಿಮಗೇನಾಗಬೇಕ್ರೀ?"

"ಏನೂ ಆಗಬೇಕಿಲ್ಲವ್ವ, ನಮ್ಮ ಸಭೆಯವರು."

"ಮತ್ತೆ ನಿಮ್ಮ ಜನಾನಾ?"

ಅಲ್ಲ, ಒಬ್ಬೊಬ್ಬರದು ಒಂದೊಂದು ಕೇರಿ ಅಂದಾಗಲೇ ಆಕೆ ನಿಜವಾಗಿ ಬೆರಗಾಗಿದ್ದು. ಜಾತಿ ಕೇಳಿಯೇ ಹೆಣ್ಣು ಕೊಟ್ಟು ತರುವ ನಮ್ಮವರಿಗೆ ಆ ಬೆರಗು ಸ್ವಲ್ಪ ಚುಚ್ಚಬೇಕು. ಅಜ್ಜನ ಮಣ್ಣಿಗೆ ಆಕೆ ಬಂದರು. ಈಗ ಒಮ್ಮೊಮ್ಮೆ ಸಂಜೆ ಪ್ರಾರ್ಥನೆಗೆ ಬಂದು ಕೊನೆಯ ಚಾಪೆಯಲ್ಲಿ ಕೂರ್ತಾರೆ. ದಯವಿಟ್ಟು ಇದನ್ನ ಸಾಕ್ಷಿ ಅಂತ ವೇದಿಕೆ ಮೇಲೆ ಹೇಳಬೇಡ. ಆಕೆ ಏನೂ ತೀರ್ಮಾನ ಮಾಡಿಲ್ಲ, ಮಾಡಿ ಅಂತ ಯಾರೂ ಕೇಳಿಲ್ಲ.

ಯಾಕೆ ಹೇಳ್ತೀನಂದರೆ, ಜನರನ್ನು ಸೆಳೆಯೋಕೆ ಅಂತಲೇ ಪ್ರೀತಿ ತೋರಿಸಿದರೆ ಅದು ಗಾಳಕ್ಕೆ ಸಿಕ್ಕಿಸಿದ ಎರೆಹುಳ. ಮತಾಂತರ ಅಂದಕೂಡಲೇ ಜನ ಅನುಮಾನದಿಂದ ನೋಡುವ ಈ ಕಾಲದಲ್ಲಂತೂ ಅದು ತಕ್ಷಣ ಗೊತ್ತಾಗುತ್ತೆ. ಗಡ್ಡ ತೆಗೆಯೋಕೆ ಬಂದವರಿಗೆ ಪಕ್ಕದ ಮನೆಯಾಕೆ ನೋಡ್ತಿದ್ದಾಳೆ ಅನ್ನೋದೇ ಗೊತ್ತಿರಲಿಲ್ಲ.

ನಮ್ಮನ್ನು ಕಂಡರಾಗದವರ ಬಾಯಲ್ಲೂ ಇದೇ ಬಂದಿದೆ ನೋಡು. ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ಜಾರಿಗೆ ತರಲು ಹೊರಟಿದ್ದ ರೋಮನ್ ಚಕ್ರವರ್ತಿ ಜೂಲಿಯನ್, 362ರ ಸುಮಾರಿಗೆ ತನ್ನ ಪೂಜಾರಿಯೊಬ್ಬನಿಗೆ ಬರೆದ ಪತ್ರದಲ್ಲಿ ಗೊಣಗಿದ್ದು ನಮ್ಮ ಬೋಧನೆಯ ಬಗ್ಗೆ ಅಲ್ಲ. ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಹಾಗೆ ಕರೀತಿದ್ದ) ತಮ್ಮ ಬಡವರನ್ನಲ್ಲದೆ ನಮ್ಮ ಬಡವರನ್ನೂ ಸಾಕ್ತಾರೆ, ನಮಗೆ ನಾಚಿಕೆಗೇಡು ಅಂತ.

ಹಾಗಾಗಿ ಪೆಂಡಾಲು ಹುಡುಗರಿಗೆ ಮುಂಗಡ ಕೊಡೋ ಮೊದಲು ಆ ಎರಡು ಮನೆಗೂ ಹೋಗು. ಪಾಸ್ಟರನ್ನು ಒಬ್ಬರನ್ನೇ ಕಳಿಸಬೇಡ, ನೀನೂ ಹೋಗು. ಬೈದರೆ ಬೈಸಿಕೊ. ಬೇಕಿದ್ದರೆ ಭಾನುವಾರ ಆರಾಧನೆ ಮುಗಿಸಿ ನಾನೂ ಬಸ್ ಹತ್ತಿ ಬರ್ತೀನಿ, ಮಧ್ಯಾಹ್ನ ಇಬ್ಬರೂ ಹೋಗೋಣ. ಮೈಕಿನ ಬಾಡಿಗೆ ಇಲ್ಲಿ ವಿಚಾರಿಸಿಟ್ಟಿರ್ತೀನಿ. ತಂಗಿಗೆ, ಮಕ್ಕಳಿಗೆ ಕೇಳಿದೆ ಅಂತ ಹೇಳು.

ನಿನ್ನ
ಗೆಳೆಯ