ಆಮೆನ್ ಎನ್ನುವವರಿಗೆ ಮೊದಲು ತೋರಿಸಬೇಡ

ಪ್ರೀತಿಯ ತಂಗಿ,

ಕರ್ತನಲ್ಲಿ ವಂದನೆ. ಬಾಯಿಬಿಟ್ಟು ಘೋಷಿಸಿದ್ದೇ ಆಗುತ್ತದೆ ಎಂದು ಬೋಧಿಸುವ ನಿನ್ನ ಪುಸ್ತಕದ ಹಸ್ತಪ್ರತಿ ಎರಡು ಸಲ ಓದಿದೆ. ಕಾಗುಣಿತ, ಅಧ್ಯಾಯಗಳ ಉದ್ದ, ಪ್ರಕಾಶಕರು, ಇದೆಲ್ಲ ಯಾರಾದರೂ ಹೇಳಿಕೊಟ್ಟಾರು. ನನ್ನ ತಕರಾರು ಒಂದೇ: ಬೈಬಲಿನ ವಚನವನ್ನು ಕಿತ್ತು ತರಬೇಡ, ಬೇರು ಸಮೇತ ತಾ.

‘ಜೀವನ ಮರಣಗಳು ನಾಲಿಗೆಯ ವಶ’ ಎಂಬ ಜ್ಞಾನೋಕ್ತಿಗಳ ಪುಸ್ತಕದ 18:21 ನಿನಗೆ ಪಲ್ಲವಿಯ ಹಾಗೆ ಆಗಿಬಿಟ್ಟಿದೆ. ಅದೇ ಅಧ್ಯಾಯದ 13ನೇ ವಚನ, ಪೂರ್ತಿ ಕೇಳದೆ ಉತ್ತರ ಕೊಡುವವನಿಗೆ ಅವಮಾನ ಎನ್ನುತ್ತದೆ. 17ನೇದು, ಮೊದಲು ವಾದ ಮಂಡಿಸಿದವನು ಎದುರಾಳಿ ಬರುವ ತನಕ ಸರಿಯೆಂದೇ ತೋರುತ್ತಾನೆ ಎನ್ನುತ್ತದೆ. ಚಾಡಿಯೂ ಸುಳ್ಳುಸಾಕ್ಷಿಯೂ ನೆರೆಯವನ ಪ್ರಾಣ ತೆಗೆಯಬಲ್ಲವು ಎಂದು ಬಲ್ಲವರ ಮಾತು ಆ 21ನೇ ವಚನ. ನೀನೋ ಅದನ್ನು ಸಾಲ ತೀರಿಸುವ ಮಂತ್ರ ಮಾಡಿದ್ದೀ.

ಪ್ರತಿ ವಚನದ ಹಿಂದೆ ಹತ್ತು, ಮುಂದೆ ಹತ್ತು ವಚನ ಓದು. ಹೇಳುವವರು ಯಾರು, ಕೇಳುವವರು ಯಾರು, ವಾಕ್ಯದಲ್ಲಿ ಕ್ರಿಯೆ ಮಾಡುವ ಕರ್ತೃ ಯಾರು ಎಂದು ಅಂಚಿನಲ್ಲಿ ಬರೆ. ಜ್ಞಾನೋಕ್ತಿಗಳಿಗೆ ಇದು ಅರ್ಧ ಮಾತ್ರ ಸಾಕಾಗುತ್ತದೆ, ಅಲ್ಲಿ ಹೆಚ್ಚಿನ ವಚನಗಳು ಬಿಡಿಬಿಡಿ. ನಾಲಿಗೆ, ಬಾಯಿ, ತುಟಿ ಬರುವ ವಚನಗಳನ್ನೆಲ್ಲ ಒಂದೆಡೆ ಬರೆದುಕೊಂಡು ಓದು. ಬಾಯಿ ಮುಚ್ಚಿಕೊಂಡಿರು ಎನ್ನುವವೇ ಎಷ್ಟಿವೆ ನೋಡಿ ದಂಗಾಗುತ್ತೀ.

ರೋಮಾಪುರದವರಿಗೆ 4:17ರಲ್ಲಿ ಇಲ್ಲದ್ದನ್ನು ಇರುವದಾಗಿ ಕರೆಯುವವನು ದೇವರು. ಅಬ್ರಹಾಮ ನಂಬಿದನು, ಕರೆಯಲಿಲ್ಲ. ಕರ್ತೃವನ್ನು ಗುರುತಿಸಿದ್ದರೆ, ನಾವೂ ಹಾಗೇ ಕರೆಯಬಹುದು ಎನ್ನುವ ನಿನ್ನ ಎರಡನೇ ಅಧ್ಯಾಯ ಹುಟ್ಟುತ್ತಲೇ ಇರಲಿಲ್ಲ. ಮಾರ್ಕ 11:23ರಲ್ಲಿ ಬೆಟ್ಟಕ್ಕೆ ಅಪ್ಪಣೆ ಕೊಡುವ ಮಾತನ್ನು ಬರೆದೆ. 22ರ ‘ದೇವರಲ್ಲಿ ನಂಬಿಕೆ’, 24ರ ಪ್ರಾರ್ಥನೆ, 25ರ ಕ್ಷಮೆ ಎಲ್ಲಿ ಹೋದವು? ‘ಮಾತು’ ಎನ್ನಲು ಗ್ರೀಕಿನಲ್ಲಿರುವ ಎರಡು ಪದಗಳಲ್ಲಿ ಲೋಗೋಸ್ ಬರೆದ ಮಾತು, ರೇಮಾ ಜೀವಂತ ಮಾತು ಎಂಬ ವಿಂಗಡಣೆಯನ್ನೂ ಕೈಬಿಡು. ಪೇತ್ರನ ಮೊದಲ ಪತ್ರಿಕೆ 1:23ರಲ್ಲಿ ಲೋಗೋಸ್, 1:25ರಲ್ಲಿ ರೇಮಾ. ಎರಡೂ ಒಂದೇ ವಾಕ್ಯದ ಬಗ್ಗೆ. ‘ಬಾಯಿಬಿಟ್ಟು ಹೇಳಿದ್ದೇ ಆಗುತ್ತದೆ’ ಎಂಬ ಬೋಧನೆಯ ಹಿಂದೆ ಅಮೆರಿಕದ ಬೋಧಕರಾದ ಇ. ಡಬ್ಲ್ಯೂ. ಕೆನ್ಯನ್ (1867–1948), ಕೆನೆತ್ ಹೇಗಿನ್ (1917–2003) ಅವರ ಬರಹಗಳಿವೆ. ಒಪ್ಪುವುದು ಬಿಡುವುದು ನಿನಗೆ ಸೇರಿದ್ದು. ಆದರೆ ಅಪೊಸ್ತಲರ ಕಾಲದಿಂದ ಹೀಗೇ ಇತ್ತು ಎಂದು ಬರೆಯಬೇಡ.

ನಿನ್ನ ಕೈಯಲ್ಲಿ ಒಳ್ಳೆಯ ಪದವೊಂದಿದೆ, ನೀನೇ ಗಮನಿಸಿಲ್ಲ. ರೋಮಾಪುರದವರಿಗೆ 10:9ರಲ್ಲಿ ನಮ್ಮ ಬೈಬಲು ‘ಅರಿಕೆ’ ಎನ್ನುತ್ತದೆ. ಗ್ರೀಕಿನ ಹೊಮೊಲೊಗೆಯೋ ಎಂದರೆ ಇನ್ನೊಬ್ಬರು ಹೇಳಿದ್ದನ್ನೇ ತಾನೂ ಹೇಳುವುದು, ಒಪ್ಪಿಕೊಳ್ಳುವುದು. ಕನ್ನಡದಲ್ಲಿ ಅರಿಕೆ ಎಂದರೆ ದೊಡ್ಡವರ ಮುಂದೆ ತಗ್ಗಿ ಹೇಳಿಕೊಳ್ಳುವುದೂ ಹೌದು. ನಿನ್ನ ‘ಘೋಷಣೆ’ಯಲ್ಲಿ ಆ ತಗ್ಗು ಎಲ್ಲಿದೆ? ಒಂದು ಅಧ್ಯಾಯಕ್ಕಾಗುವಷ್ಟು ಸರಕು ಇಲ್ಲಿದೆ ತಾಯಿ, ಬರೆ. ಯಾಕೋಬ 3ನ್ನು ಜೊತೆಗಿಟ್ಟುಕೋ: ನಾಲಿಗೆಗೆ ಹೋಲಿಕೆಯಾಗಿ ಕಡಿವಾಣ, ಚುಕ್ಕಾಣಿ, ಬೆಂಕಿ; ಸ್ತುತಿಯೂ ಶಾಪವೂ ಒಂದೇ ಬಾಯಿಂದ. ಆ ಭಾಗವನ್ನು ನೀನು ಚೆನ್ನಾಗಿಯೇ ಬರೆದಿದ್ದೀ.

ಐದನೇ ಅಧ್ಯಾಯ ಓದಿ ಮಾತ್ರ ಸಿಟ್ಟು ಬಂತು. ‘ನೋವಿದೆ’ ಎಂದು ಬಾಯಿಬಿಟ್ಟದ್ದಕ್ಕೇ ಕಾಯಿಲೆಯ ಹೆಂಗಸೊಬ್ಬಳು ಗುಣವಾಗಲಿಲ್ಲ ಎಂದಿದ್ದೀ. ಆ ಸಾಲು ಹೊಡೆದುಹಾಕು. ಕಷ್ಟದಲ್ಲಿ ಯೋಬನು ತಾನು ಹುಟ್ಟಿದ ದಿನವನ್ನೇ ಶಪಿಸಿದ. ಕೊನೆಗೆ 42:7ರಲ್ಲಿ, ನನ್ನ ವಿಷಯವಾಗಿ ಸರಿಯಾಗಿ ಮಾತಾಡಿದವನು ಯೋಬನೇ, ನೀವಲ್ಲ ಎಂದು ದೇವರು ಅವನ ಸ್ನೇಹಿತರಿಗೆ ಹೇಳುತ್ತಾನೆ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ. ಪೌಲನು ಮೂರು ಸಲ ಬೇಡಿಕೊಂಡರೂ ಶರೀರದಲ್ಲಿ ನಾಟಿದ ಶೂಲ ಹೋಗಲಿಲ್ಲ. ಇವರೆಲ್ಲರ ನಾಲಿಗೆ ತಪ್ಪಿತೆ?

ಸಭೆಯಲ್ಲಿ ಓದಿದಾಗ ಎಲ್ಲರೂ ‘ಆಮೆನ್’ ಅಂದರು ಎಂದು ಬರೆದಿದ್ದೀ. ಆ ಐದನೇ ಅಧ್ಯಾಯವನ್ನು ತಿದ್ದಿ, ಬಹಳ ದಿನದಿಂದ ಹಾಸಿಗೆ ಹಿಡಿದ ಒಬ್ಬರ ಪಕ್ಕ ಕೂತು ಗಟ್ಟಿಯಾಗಿ ಓದು. ದನಿ ಎಲ್ಲಿ ತಡವರಿಸಿತೋ ಅಲ್ಲಿ ಗೆರೆ ಎಳೆ. ಗೆರೆ ಎಳೆದ ಪ್ರತಿಯನ್ನೇ ನನಗೆ ಕಳಿಸು, ಶುದ್ಧಪ್ರತಿ ಬೇಡ.

ಇಂತಿ,
ನಿನ್ನ ಅಣ್ಣ